1790ರಲ್ಲಿ ಹುಟ್ಟಿದ ಅಧ್ಯಕ್ಷ, 2025ರವರೆಗೆ ಬದುಕಿದ್ದ ಮೊಮ್ಮಗ

ಪ್ರಶ್ನೆ: ಅಮೆರಿಕದ ಹತ್ತನೇ ಅಧ್ಯಕ್ಷ ಜಾನ್ ಟೈಲರ್ ಅವರ ಮೊಮ್ಮಗ 2025ರಲ್ಲಿ ತೀರಿಕೊಂಡರು ಅಂತ ಒಂದು ಸುದ್ದಿ ಓದಿದೆ. ಟೈಲರ್ ಹುಟ್ಟಿದ್ದು 1790ರಲ್ಲಿ ಅಂತಲೂ ಅದರಲ್ಲೇ ಇತ್ತು. ಇದು ಸಾಧ್ಯವಾ ಸರ್? ಮರಿಮೊಮ್ಮಗನ ಮಗ ಅನ್ನುವ ಕಡೆ ಮೊಮ್ಮಗ ಅಂತ ತಪ್ಪಾಗಿ ಬರೆದಿದ್ದಾರಾ? ನಾನು ಈ ಅಧ್ಯಕ್ಷರ ಹೆಸರನ್ನೇ ಕೇಳಿರಲಿಲ್ಲ. ಅವರ ಕುಟುಂಬ, ರಾಜಕೀಯ ಎರಡರ ಬಗ್ಗೆಯೂ ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ತಪ್ಪು ಬರೆದಿಲ್ಲ. ಮೊಮ್ಮಗನೇ, ಮಗನ ಮಗ. ಲೆಕ್ಕ ನೋಡಿ. ಜಾನ್ ಟೈಲರ್ ಹುಟ್ಟಿದ್ದು 1790ರ ಮಾರ್ಚ್ 29ರಂದು, ವರ್ಜೀನಿಯಾದ ಚಾರ್ಲ್ಸ್ ಸಿಟಿ ಕೌಂಟಿಯಲ್ಲಿ. ಅವನಿಗೆ 63 ವರ್ಷವಾಗಿದ್ದಾಗ, 1853ರಲ್ಲಿ, ಲಯನ್ ಎಂಬ ಮಗ ಹುಟ್ಟಿದ. ಆ ಲಯನ್‌ಗೆ 75 ವರ್ಷವಾಗಿದ್ದಾಗ, 1928ರಲ್ಲಿ, ಹ್ಯಾರಿಸನ್ ರಫಿನ್ ಟೈಲರ್ ಹುಟ್ಟಿದರು. ಅವರು 96 ವರ್ಷ ಬದುಕಿ 2025ರ ಮೇ 25ರಂದು ತೀರಿಕೊಂಡರು. ಅವರ ಅಣ್ಣ 1924ರಲ್ಲಿ ಹುಟ್ಟಿ 2020ರವರೆಗೆ ಇದ್ದರು. ಅಪ್ಪನೂ ಮಗನೂ ಇಬ್ಬರೂ ವಯಸ್ಸಾದ ಮೇಲೆ ಎರಡನೇ ಮದುವೆ ಮಾಡಿಕೊಂಡರು. ಗುಟ್ಟು ಅಷ್ಟೇ.

ಟೈಲರ್‌ಗೆ ಒಟ್ಟು 15 ಮಕ್ಕಳು. ಮೊದಲ ಹೆಂಡತಿಗೆ ಎಂಟು, ಎರಡನೆಯವಳಿಗೆ ಏಳು. ಅಮೆರಿಕದ ಬೇರೆ ಯಾವ ಅಧ್ಯಕ್ಷನಿಗೂ ಇಷ್ಟು ಮಕ್ಕಳಿರಲಿಲ್ಲ. ಹಿರಿಯ ಮಗಳು ಮೇರಿ ಹುಟ್ಟಿದ್ದು 1815ರಲ್ಲಿ, ಕೊನೆಯ ಮಗಳು ಪರ್ಲ್ 1860ರಲ್ಲಿ. ಅಕ್ಕ ತಂಗಿಯರ ನಡುವೆ 45 ವರ್ಷ! ಆ ಪರ್ಲ್ 1947ರವರೆಗೆ ಬದುಕಿದ್ದಳು.

ಕುಟುಂಬ, ರಾಜಕೀಯ ಎರಡರ ಬಗ್ಗೆಯೂ ಕೇಳಿದ್ದೀರಿ. ಟೈಲರ್ ವಿಷಯದಲ್ಲಿ ಇವೆರಡನ್ನೂ ಬಿಡಿಸಿ ಇಡೋದು ಕಷ್ಟ. ಎರಡನೇ ಮದುವೆ ನಡೆದದ್ದು ಅವನು ಅಧ್ಯಕ್ಷನಾಗಿದ್ದಾಗಲೇ. ಆ ಮದುವೆಗೆ ದಾರಿಯಾದದ್ದು ನೌಕಾಪಡೆಯ ಹಡಗಿನ ಮೇಲೆ ನಡೆದ ಒಂದು ದುರಂತ. ಅದೇ ದುರಂತದಿಂದ ದೇಶದ ವಿದೇಶಾಂಗ ನೀತಿಯೂ ದಿಕ್ಕು ಬದಲಿಸಿತು. ಈ ಮನೆಯ ಅನ್ನ ಬೆಳೆದದ್ದೂ, ಈ ರಾಜಕೀಯ ನಿಂತದ್ದೂ ಗುಲಾಮರ ದುಡಿಮೆಯ ಮೇಲೆ. ಅದನ್ನು ಬದಿಗಿಟ್ಟು ಬರೀ ವಯಸ್ಸಿನ ವಿಚಿತ್ರವನ್ನೇ ಹೇಳಿದರೆ ನಿಮಗೆ ಅರ್ಧ ಕಥೆಯೂ ಸಿಗುವುದಿಲ್ಲ.

ಟೈಲರ್‌ನ ಅಪ್ಪ ವರ್ಜೀನಿಯಾದ ಗವರ್ನರ್ ಆಗಿದ್ದವನು, ಥಾಮಸ್ ಜೆಫರ್ಸನ್‌ನ ಗೆಳೆಯ. ಮಗ ಏಳು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. 17ಕ್ಕೇ ವಿಲಿಯಂ ಅಂಡ್ ಮೇರಿ ಕಾಲೇಜಿನ ಓದು ಮುಗಿಸಿದ, 21ಕ್ಕೆ ರಾಜ್ಯದ ಶಾಸಕನಾದ. ಆಮೇಲೆ ಕಾಂಗ್ರೆಸ್ ಅನ್ನುವ ಅಮೆರಿಕದ ಸಂಸತ್ತಿನ ಸದಸ್ಯ, ಗವರ್ನರ್, ಆ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನ ಸದಸ್ಯ, ಅಂದರೆ ಸೆನೆಟರ್. 1813ರಲ್ಲಿ ತನ್ನ ಹುಟ್ಟುಹಬ್ಬದ ದಿನವೇ ಲೆಟಿಷಿಯಾ ಕ್ರಿಶ್ಚಿಯನ್‌ಳನ್ನು ಮದುವೆಯಾದ. ಅವನು ವಾಷಿಂಗ್ಟನ್‌ನಲ್ಲಿ ಭಾಷಣ ಮಾಡುತ್ತಿದ್ದರೆ ತೋಟ, ಮನೆ, ಮಕ್ಕಳು ಎಲ್ಲವನ್ನೂ ಅವಳೇ ನೋಡಿಕೊಂಡಳು. ಈ ದೊಡ್ಡ ಮನೆತನದಲ್ಲಿ ಕೈಯಲ್ಲಿ ದುಡ್ಡು ಮಾತ್ರ ಯಾವಾಗಲೂ ಕಮ್ಮಿ. 1827ರಲ್ಲಿ ಸೆನೆಟರ್ ಆಗಿ ವಾಷಿಂಗ್ಟನ್‌ಗೆ ಹೊರಡುವ ಖರ್ಚಿಗಾಗಿ ಆನ್ ಎಲೈಜಾ ಎಂಬ ಮನೆಗೆಲಸದ ಗುಲಾಮ ಹೆಂಗಸನ್ನು ಮಾರಲು ಹೊರಟ. ಸ್ವಾತಂತ್ರ್ಯದ ಬಗ್ಗೆ ಸೆನೆಟ್‌ನಲ್ಲಿ ಚೆನ್ನಾಗಿ ಮಾತಾಡುತ್ತಿದ್ದ ಮನುಷ್ಯ ಇವನೇ. ಅವನ ಬಗ್ಗೆ ಓದುವಾಗಲೆಲ್ಲ ನನಗೆ ಮೊದಲು ನೆನಪಾಗೋದು ಆನ್ ಎಲೈಜಾ.

ಹಟ ಅವನ ಸ್ವಭಾವದಲ್ಲೇ ಇತ್ತು. ದೇಶದ ಅಧ್ಯಕ್ಷ ಆಂಡ್ರೂ ಜಾಕ್ಸನ್‌ಗೆ ಹಿಂದೆ ಸೆನೆಟ್ ಛೀಮಾರಿ ಹಾಕಿ ನಿರ್ಣಯ ಮಾಡಿತ್ತು. ಅದನ್ನು ದಾಖಲೆಯಿಂದ ಅಳಿಸಲು ಮತ ಹಾಕು ಅಂತ 1836ರಲ್ಲಿ ಅವನ ರಾಜ್ಯದ ಶಾಸನಸಭೆ ಹೇಳಿತು. ಆಗೋದಿಲ್ಲ ಅಂತ ರಾಜೀನಾಮೆ ಕೊಟ್ಟು ಮನೆಗೆ ಹೋದ. ಜಾಕ್ಸನ್‌ನ ಡೆಮಾಕ್ರಟಿಕ್ ಪಕ್ಷದಿಂದ ದೂರ ಸರಿದ. ಜಾಕ್ಸನ್‌ನ ವಿರೋಧಿಗಳೆಲ್ಲ ಸೇರಿ ಕಟ್ಟಿದ್ದ ವಿಗ್ ಪಕ್ಷ 1840ರಲ್ಲಿ ಅವನನ್ನು ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿತು. ಅವನ ವಿಚಾರಗಳನ್ನು ಒಪ್ಪಿ ಅಲ್ಲ, ದಕ್ಷಿಣದ ಮತ ಬೇಕಿತ್ತು ಅಂತ. ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದವನು ಮುದಿ ಸೇನಾಪತಿ ವಿಲಿಯಂ ಹೆನ್ರಿ ಹ್ಯಾರಿಸನ್. ಗೆದ್ದರು.

1841ರ ಮಾರ್ಚ್ 4ರಂದು ಹ್ಯಾರಿಸನ್ ಪ್ರಮಾಣವಚನ ತೆಗೆದುಕೊಂಡ. ಏಪ್ರಿಲ್ 4ಕ್ಕೆ ತೀರಿಕೊಂಡ. ಅಧಿಕಾರದಲ್ಲಿರುವಾಗಲೇ ಅಮೆರಿಕದ ಅಧ್ಯಕ್ಷನೊಬ್ಬ ಸತ್ತದ್ದು ಅದೇ ಮೊದಲು. ಮುಂದೇನು ಅಂತ ಯಾರಿಗೂ ಗೊತ್ತಿರಲಿಲ್ಲ.

ಟೈಲರ್ ಮಾಡಿದ ಅತಿ ದೊಡ್ಡ ಕೆಲಸ ಇಲ್ಲಿದೆ. ಅಧ್ಯಕ್ಷ ಸತ್ತರೆ "ಅದು" ಉಪಾಧ್ಯಕ್ಷನಿಗೆ ಹೋಗುತ್ತದೆ ಅಂತ ಸಂವಿಧಾನದಲ್ಲಿ ಬರೆದಿತ್ತು. ಅದು ಅಂದರೆ ಯಾವುದು? ಅಧ್ಯಕ್ಷನ ಹುದ್ದೆಯೋ, ಇಲ್ಲ ಆ ಹುದ್ದೆಯ ಕೆಲಸ ಮತ್ತು ಅಧಿಕಾರ ಮಾತ್ರವೋ? ವಾಕ್ಯವನ್ನು ಎರಡೂ ರೀತಿ ಓದಬಹುದು. ಕೆಲಸ ಮಾತ್ರ ಅಂದುಕೊಂಡರೆ ಟೈಲರ್ ಹಂಗಾಮಿ ಅಧ್ಯಕ್ಷ ಅಷ್ಟೇ. ಹುದ್ದೆಯೇ ಬಂತು ಅಂದರೆ ಪೂರ್ತಿ ಅಧ್ಯಕ್ಷ, ಉಳಿದ ನಾಲ್ಕು ವರ್ಷವೂ ಅವನದೇ.

ನಮ್ಮಲ್ಲಿ ಇದಕ್ಕೆ ಉತ್ತರ ಬೇರೆ. 1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ನಮ್ಮ ಬಿ.ಡಿ. ಜತ್ತಿಯವರು ಉಪರಾಷ್ಟ್ರಪತಿ. ಅವರು ಹಂಗಾಮಿ ರಾಷ್ಟ್ರಪತಿಯಾಗಿ ಜುಲೈವರೆಗೆ ಕೆಲಸ ನೋಡಿಕೊಂಡರು. ಹೊಸ ರಾಷ್ಟ್ರಪತಿಯ ಆಯ್ಕೆ ಆದ ಮೇಲೆ ತಮ್ಮ ಹುದ್ದೆಗೆ ಮರಳಿದರು. ಆರು ತಿಂಗಳೊಳಗೆ ಚುನಾವಣೆ ಆಗಬೇಕು ಅಂತ ನಮ್ಮ ಸಂವಿಧಾನ ಸ್ಪಷ್ಟವಾಗಿ ಹೇಳುತ್ತದೆ. ಅಮೆರಿಕದ ಸಂವಿಧಾನ ಹಾಗೆ ಬಿಡಿಸಿ ಹೇಳಿರಲಿಲ್ಲ.

ಟೈಲರ್ ಆಗ ವಿಲಿಯಮ್ಸ್‌ಬರ್ಗ್‌ನ ತನ್ನ ಮನೆಯಲ್ಲಿದ್ದ. ಏಪ್ರಿಲ್ 5ರ ಬೆಳಗಿನ ಜಾವ ವಿದೇಶಾಂಗ ಇಲಾಖೆಯ ಫ್ಲೆಚರ್ ವೆಬ್‌ಸ್ಟರ್ ಬಂದು ಬಾಗಿಲು ತಟ್ಟಿ ಸುದ್ದಿ ಮುಟ್ಟಿಸಿದ. ಟೈಲರ್ ತಡ ಮಾಡಲಿಲ್ಲ. ಮರುದಿನವೇ ವಾಷಿಂಗ್ಟನ್‌ನ ಒಂದು ಹೋಟೆಲಿನಲ್ಲಿ ನ್ಯಾಯಾಧೀಶ ವಿಲಿಯಂ ಕ್ರಾಂಚ್ ಎದುರು ಅಧ್ಯಕ್ಷನ ಪ್ರಮಾಣವಚನ ತೆಗೆದುಕೊಂಡ. ಆಗ ಅವನಿಗೆ 51 ವರ್ಷ. ಅದುವರೆಗಿನ ಅಧ್ಯಕ್ಷರಲ್ಲೇ ಚಿಕ್ಕವನು. ಹ್ಯಾರಿಸನ್ ಇದ್ದಾಗ ಕ್ಯಾಬಿನೆಟ್ಟಿನಲ್ಲಿ ಜಾಸ್ತಿ ಜನ ಹೇಳಿದ ಹಾಗೆ ನಡೆಯುತ್ತಿತ್ತು ಅಂತ ಮಂತ್ರಿಗಳು ಹೇಳಿದರು. ಹೊಣೆ ನನ್ನದು, ಆದ್ದರಿಂದ ತೀರ್ಮಾನವೂ ನನ್ನದೇ ಅಂತ ಟೈಲರ್ ತಿಳಿಸಿದ. ವಿರೋಧಿಗಳು ಅವನಿಗೆ "ಆಕಸ್ಮಿಕ ಅಧ್ಯಕ್ಷ" ಅಂತ ಹೆಸರಿಟ್ಟರು. ಹಂಗಾಮಿ ಅಧ್ಯಕ್ಷ ಅಂತ ವಿಳಾಸ ಬರೆದು ಬಂದ ಕಾಗದಗಳನ್ನು ಅವನು ಒಡೆಯದೆ ವಾಪಸ್ ಕಳಿಸುತ್ತಿದ್ದ.

ಸುಮ್ನೆ ಹಟ ಅಂತ ಇದನ್ನು ತಳ್ಳಿಹಾಕಬೇಡಿ. ಅವನು ಹಂಗಾಮಿ ಅಂತ ಒಪ್ಪಿಕೊಂಡಿದ್ದರೆ ಮುಂದೆ ಬಂದವರೆಲ್ಲ ಅದೇ ದಾರಿ ಹಿಡಿಯಬೇಕಿತ್ತು. 1850ರಲ್ಲಿ ಫಿಲ್ಮೋರ್, ಲಿಂಕನ್ ಕೊಲೆಯಾದಾಗ ಆಂಡ್ರೂ ಜಾನ್ಸನ್, 1901ರಲ್ಲಿ ಥಿಯೋಡರ್ ರೂಸ್ವೆಲ್ಟ್, 1945ರಲ್ಲಿ ಟ್ರೂಮನ್, ಕೆನಡಿ ಹತ್ಯೆಯಾದಾಗ ಲಿಂಡನ್ ಜಾನ್ಸನ್. ಎಲ್ಲರೂ ಟೈಲರ್ ಹಾಕಿಕೊಟ್ಟ ದಾರಿಯಲ್ಲೇ ನಡೆದರು. ಇದನ್ನು ಸಂವಿಧಾನದಲ್ಲಿ ಅಕ್ಷರಕ್ಕಿಳಿಸಿದ್ದು 1967ರ 25ನೇ ತಿದ್ದುಪಡಿ. ಅಲ್ಲಿಯವರೆಗೆ 126 ವರ್ಷ ದೇಶ ನಡೆದದ್ದು ಅವನು ಹಾಕಿದ ಪದ್ಧತಿಯ ಮೇಲೆ.

ಅಧ್ಯಕ್ಷನಾದ ಮೇಲೆ ತನ್ನದೇ ಪಕ್ಷದ ಜೊತೆ ಜಗಳ ಶುರುವಾಯಿತು. ವಿಗ್ ಪಕ್ಷದ ನಾಯಕ ಹೆನ್ರಿ ಕ್ಲೇಗೆ ಒಂದು ರಾಷ್ಟ್ರೀಯ ಬ್ಯಾಂಕ್ ಬೇಕಿತ್ತು. ರಾಜ್ಯಗಳ ಹಕ್ಕಿಗೆ ಅಡ್ಡ ಬರುತ್ತದೆ ಅಂತ ಟೈಲರ್ ಆ ಮಸೂದೆಗೆ ವೀಟೊ ಹಾಕಿದ. ತಿದ್ದಿ ಮತ್ತೆ ಕಳಿಸಿದರು, ಮತ್ತೆ ವೀಟೊ. ಮೊದಲ ವೀಟೊ ಆದಾಗ ಕುಡಿದ ಗುಂಪೊಂದು ಶ್ವೇತಭವನದ ಮುಂದೆ ಬಂದು ಕಲ್ಲು ತೂರಿತು, ಅವನ ಪ್ರತಿಕೃತಿ ಸುಟ್ಟಿತು. ಶ್ವೇತಭವನದ ಕಾವಲಿಗೂ ಒದಗುವ ಒಂದು ಪೊಲೀಸ್ ಪಡೆಗೆ 1842ರಲ್ಲಿ ಕಾಂಗ್ರೆಸ್ ಹಣ ಕೊಟ್ಟದ್ದಕ್ಕೆ ಇದೂ ಒಂದು ಕಾರಣ. 1841ರ ಸೆಪ್ಟೆಂಬರಿನಲ್ಲಿ ವಿದೇಶಾಂಗ ಮಂತ್ರಿ ಡೇನಿಯಲ್ ವೆಬ್‌ಸ್ಟರ್ ಒಬ್ಬನನ್ನು ಬಿಟ್ಟು ಕ್ಯಾಬಿನೆಟ್ಟಿನ ಎಲ್ಲರೂ ರಾಜೀನಾಮೆ ಕೊಟ್ಟರು. ಪಕ್ಷ ಅವನನ್ನು ಹೊರಗೆ ಹಾಕಿತು. 1843ರ ಜನವರಿಯಲ್ಲಿ ವಾಗ್ದಂಡನೆಯ ಪ್ರಯತ್ನವೂ ಆಯಿತು. ಪರ 83, ವಿರುದ್ಧ 127 ಮತ. ಬಿದ್ದುಹೋಯಿತು.

ಇಷ್ಟೆಲ್ಲ ಗದ್ದಲ ನಡೆಯುವಾಗ ಮಹಡಿಯ ಮೇಲೊಂದು ಕೋಣೆಯಲ್ಲಿ ಲೆಟಿಷಿಯಾ ಇದ್ದಳು. 1839ರಲ್ಲೇ ಅವಳಿಗೆ ಪಾರ್ಶ್ವವಾಯು ಹೊಡೆದಿತ್ತು. ಶ್ವೇತಭವನಕ್ಕೆ ಬಂದ ಮೇಲೆ ಸಮಾರಂಭಕ್ಕೆ ಅಂತ ಅವಳು ಕೆಳಗೆ ಇಳಿದದ್ದು ಒಂದೇ ಸಲ, 1842ರ ಜನವರಿ 31ರಂದು, ಮಗಳು ಎಲಿಜಬೆತ್ ಮದುವೆಗೆ. ಅತಿಥಿಗಳನ್ನು ನೋಡಿಕೊಳ್ಳುವ ಕೆಲಸ ಹಿರಿಯ ಸೊಸೆ ಪ್ರಿಸಿಲ್ಲಾಳದು. ಅವಳು ಹಿಂದೆ ನಾಟಕದ ನಟಿಯಾಗಿದ್ದವಳು, ಜನರ ಜೊತೆ ಬೆರೆಯಲು ಬಲ್ಲವಳು. ಹಿರಿಯ ಮಗ ರಾಬರ್ಟ್ ಅಪ್ಪನ ಕಾರ್ಯದರ್ಶಿ. ಅದೇ ವರ್ಷ ಸೆಪ್ಟೆಂಬರ್ 10ರಂದು ಲೆಟಿಷಿಯಾ ಶ್ವೇತಭವನದಲ್ಲೇ ಪ್ರಾಣ ಬಿಟ್ಟಳು. ಅಧ್ಯಕ್ಷನ ಹೆಂಡತಿಯೊಬ್ಬಳು ಅಲ್ಲಿ ತೀರಿಕೊಂಡದ್ದು ಅದೇ ಮೊದಲು.

ಇನ್ನು ಜೂಲಿಯಾ ಗಾರ್ಡಿನರ್. ನ್ಯೂಯಾರ್ಕ್‌ನ ಲಾಂಗ್ ಐಲೆಂಡ್ ಕಡೆಯ ಶ್ರೀಮಂತ ಮನೆತನದ ಹುಡುಗಿ, ಹುಟ್ಟಿದ್ದು 1820ರಲ್ಲಿ. ಅಂದರೆ ಟೈಲರ್‌ನ ಹಿರಿಯ ಮಗಳಿಗಿಂತ ಐದು ವರ್ಷ ಚಿಕ್ಕವಳು. ಹದಿಹರೆಯ ಕಳೆಯುವ ಹೊತ್ತಿಗೆ ಒಂದು ಬಟ್ಟೆ ಅಂಗಡಿಯ ಜಾಹೀರಾತಿನಲ್ಲಿ ಅವಳ ಚಿತ್ರ ಬಂತು. ಮರ್ಯಾದಸ್ಥ ಮನೆಯ ಹುಡುಗಿ ಹೀಗೆ ಮಾಡಬಹುದಾ ಅಂತ ಮನೆಯವರಿಗೆ ತಲೆತಗ್ಗಿಸುವ ಹಾಗಾಯಿತು. ಅವಳನ್ನು ಯುರೋಪಿಗೆ ಕರೆದುಕೊಂಡು ಹೋದರು. ಆಮೇಲೆ ವಾಷಿಂಗ್ಟನ್‌ಗೆ. 1843ರ ಫೆಬ್ರವರಿಯ ಒಂದು ನೃತ್ಯಕೂಟದಲ್ಲಿ ಟೈಲರ್ ಮದುವೆಯ ಮಾತೆತ್ತಿದ. ಬೇಡ ಬೇಡ ಅಂತ ತಲೆ ಅಲ್ಲಾಡಿಸಿದಾಗ ತನ್ನ ಟೋಪಿಯ ಕುಚ್ಚು ಅವನ ಮುಖಕ್ಕೆ ಬಡಿಯಿತು ಅಂತ ಅವಳೇ ಮುಂದೆ ನೆನಪಿಸಿಕೊಂಡಿದ್ದಾಳೆ.

1844ರ ಫೆಬ್ರವರಿ 28. ನೌಕಾಪಡೆಯ ಹೊಸ ಉಗಿಹಡಗು ಪ್ರಿನ್ಸ್‌ಟನ್ ಪೊಟೊಮ್ಯಾಕ್ ನದಿಯಲ್ಲಿ ಹೊರಟಿತ್ತು. ಅಧ್ಯಕ್ಷ, ಮಂತ್ರಿಗಳು, ಅವರ ಮನೆಯವರು ಸೇರಿ ನೂರಾರು ಅತಿಥಿಗಳು. ಜೂಲಿಯಾ ತನ್ನ ತಂದೆಯ ಜೊತೆ ಬಂದಿದ್ದಳು. ಹಡಗಿನ ಮೇಲೊಂದು ಭಾರಿ ಫಿರಂಗಿ. ಅದರ ಹೆಸರು "ಪೀಸ್‌ಮೇಕರ್", ಶಾಂತಿ ತರುವವನು ಅಂತ. ಎರಡು ಸಲ ಹಾರಿಸಿ ತೋರಿಸಿದ್ದರು. ಇನ್ನೊಂದು ಸಲ ಹಾರಿಸಿ ಅಂತ ನೌಕಾ ಮಂತ್ರಿಯೇ ಕೇಳಿದ. ಟೈಲರ್ ಆಗ ಕೆಳಗಿನ ಕೋಣೆಯಲ್ಲಿದ್ದ. ಅಳಿಯ ಒಂದು ಹಾಡು ಹೇಳುತ್ತಿದ್ದ, ಅದನ್ನು ಕೇಳಲು ನಿಂತ. ಅವನ ಜೀವ ಉಳಿದದ್ದು ಆ ಹಾಡಿನಿಂದ ಅಂತಲೇ ಹೇಳಬೇಕು. ಮೇಲೆ ಫಿರಂಗಿ ಸಿಡಿದು ಚೂರಾಯಿತು. ವಿದೇಶಾಂಗ ಮಂತ್ರಿ ಏಬಲ್ ಅಪ್ಶರ್, ನೌಕಾ ಮಂತ್ರಿ ಥಾಮಸ್ ಗಿಲ್ಮರ್, ಜೂಲಿಯಾಳ ತಂದೆ ಡೇವಿಡ್ ಗಾರ್ಡಿನರ್ ಸತ್ತವರಲ್ಲಿದ್ದರು. ಟೈಲರ್‌ನ ಸೇವಕ, ಆರ್ಮಿಸ್ಟೆಡ್ ಎಂಬ ಗುಲಾಮನೂ ಸತ್ತ. ಶ್ವೇತಭವನದ ದೊಡ್ಡ ಹಾಲಿನಲ್ಲಿ ಜನರ ದರ್ಶನಕ್ಕೆ ಐದು ಶವಪೆಟ್ಟಿಗೆ ಇಟ್ಟರು. ಆರ್ಮಿಸ್ಟೆಡ್‌ನದು ಅಲ್ಲಿರಲಿಲ್ಲ.

ಸುದ್ದಿ ಕೇಳಿ ಪ್ರಜ್ಞೆ ತಪ್ಪಿದ ಜೂಲಿಯಾಳನ್ನು ಹಡಗಿನಿಂದ ಇಳಿಸುವಾಗ ಟೈಲರ್ ತಾನೇ ಎತ್ತಿಕೊಂಡು ಬಂದ. ತಂದೆ ಹೋದ ಮೇಲೆ ಚಿಕ್ಕ ವಯಸ್ಸಿನ ಯಾವ ಗಂಡಿಗಿಂತಲೂ ಅವನೇ ಹತ್ತಿರದವನು ಅನ್ನಿಸಿತು ಅಂತ ಅವಳು ಹೇಳಿಕೊಂಡಿದ್ದಾಳೆ. ನಾಲ್ಕು ತಿಂಗಳಾದ ಮೇಲೆ, ಜೂನ್ 26ರಂದು, ನ್ಯೂಯಾರ್ಕ್‌ನ ಒಂದು ಚರ್ಚಿನಲ್ಲಿ ಗುಟ್ಟಾಗಿ ಮದುವೆ. ಅವನಿಗೆ 54, ಅವಳಿಗೆ 24. ಅಪ್ಪ ಇನ್ನೊಂದು ಮದುವೆಯಾದದ್ದು ಹೆಣ್ಣುಮಕ್ಕಳಿಗೆ ಗೊತ್ತಾದದ್ದು ಆಮೇಲೆ. ಅಮ್ಮ ಸತ್ತು ಇನ್ನೂ ಎರಡು ವರ್ಷ ಆಗಿರಲಿಲ್ಲ, ನೋವಾಗದೆ ಇರುತ್ತದಾ? ಉಳಿದವರು ನಿಧಾನಕ್ಕೆ ಹೊಂದಿಕೊಂಡರು. ಅಮ್ಮನ ಹೆಸರೇ ಇದ್ದ ಮಗಳು ಲೆಟಿಷಿಯಾ ಮಾತ್ರ ಕೊನೆವರೆಗೂ ಮಲತಾಯಿಯನ್ನು ಒಪ್ಪಲಿಲ್ಲ.

ಅದೇ ಸ್ಫೋಟ ರಾಜಕೀಯವನ್ನೂ ತಿರುಗಿಸಿತು. ಟೆಕ್ಸಸ್ ಆಗ ಬೇರೆಯೇ ದೇಶ, ಅಲ್ಲೂ ಗುಲಾಮಗಿರಿ ಇತ್ತು. ಅದನ್ನು ಅಮೆರಿಕಕ್ಕೆ ಸೇರಿಸುವ ಮಾತುಕತೆಯನ್ನು ಅಪ್ಶರ್ ಸದ್ದಿಲ್ಲದೆ ನಡೆಸುತ್ತಿದ್ದ. ಅವನು ಸತ್ತ ಮೇಲೆ ಆ ಜಾಗಕ್ಕೆ ಜಾನ್ ಕ್ಯಾಲ್ಹೂನ್ ಬಂದ. ಗುಲಾಮಗಿರಿ ಒಳ್ಳೆಯದು ಅಂತ ಬಹಿರಂಗವಾಗಿ ವಾದಿಸುತ್ತಿದ್ದವನು ಅವನು. ಟೆಕ್ಸಸ್ ಬೇಕಾಗಿರೋದೇ ಗುಲಾಮಗಿರಿ ಉಳಿಸಲು ಅನ್ನುವಂತೆ ಬ್ರಿಟಿಷ್ ರಾಯಭಾರಿಗೆ ಪತ್ರ ಬರೆದ. ಗುಲಾಮಗಿರಿ ಬಿಟ್ಟಿದ್ದ ಉತ್ತರದ ರಾಜ್ಯಗಳು ಸಿಟ್ಟಿಗೆದ್ದವು. ಒಪ್ಪಂದ ಪಾಸಾಗಲು ಸೆನೆಟ್‌ನಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು. ಸಿಕ್ಕಿದ್ದು 16, ವಿರುದ್ಧ 35. ಟೈಲರ್ ಕೈ ಚೆಲ್ಲಲಿಲ್ಲ. ಒಪ್ಪಂದದ ದಾರಿ ಬಿಟ್ಟು ಎರಡೂ ಸದನಗಳ ಜಂಟಿ ನಿರ್ಣಯದ ದಾರಿ ಹಿಡಿದ. ಅದಕ್ಕೆ ಬರೀ ಬಹುಮತ ಸಾಕು. ಸೆನೆಟ್‌ನಲ್ಲಿ 27ಕ್ಕೆ 25ರಂತೆ ಅದು ಪಾಸಾಯಿತು. 1845ರ ಮಾರ್ಚ್ 1ರಂದು, ಅಧಿಕಾರ ಬಿಡಲು ಮೂರೇ ದಿನ ಇರುವಾಗ, ಸಹಿ ಹಾಕಿದ. ಸಹಿ ಹಾಕಿದ ಚಿನ್ನದ ಪೆನ್ನನ್ನು ಜೂಲಿಯಾಗೆ ಕೊಟ್ಟ, ಅವಳು ಅದನ್ನು ಕೊರಳಿಗೆ ಹಾಕಿಕೊಂಡಳು. ಟೆಕ್ಸಸ್‌ಗಾಗಿ ನಾಯಕರ ಮನವೊಲಿಸಲು ಅವಳೂ ಓಡಾಡಿದ್ದಳು. ಮರುವರ್ಷ ಮೆಕ್ಸಿಕೋ ಜೊತೆ ಯುದ್ಧ ಹತ್ತಿಕೊಂಡಿತು.

ಜೂಲಿಯಾ ಶ್ವೇತಭವನದಲ್ಲಿ ಇದ್ದದ್ದು ಎಂಟೇ ತಿಂಗಳು. ಆದರೆ ಅಲ್ಲಿಗೆ ಜೀವ ತಂದಳು. ಕೊನೆಯ ನೃತ್ಯಕೂಟಕ್ಕೆ ಸುಮಾರು 3,000 ಜನ ಬಂದಿದ್ದರು. ಪಾರ್ಟಿ ಇಲ್ಲದ ಅಧ್ಯಕ್ಷ ಅಂತ ಇನ್ನು ಯಾರೂ ನನ್ನನ್ನು ಕರೆಯುವ ಹಾಗಿಲ್ಲ ಅಂತ ಟೈಲರ್ ನಕ್ಕನಂತೆ. ಆ ಮಾತು ಕನ್ನಡದಲ್ಲೂ ಹಾಗೇ ಕೂರುತ್ತದೆ, ಅಲ್ವಾ?

ಅಧಿಕಾರ ಮುಗಿದ ಮೇಲೆ ಇಬ್ಬರೂ ಚಾರ್ಲ್ಸ್ ಸಿಟಿ ಕೌಂಟಿಯ ತೋಟದ ಮನೆಗೆ ಬಂದರು. ಪಕ್ಷದಿಂದ ಹೊರಬಿದ್ದ ತಾನು ರಾಬಿನ್ ಹುಡ್ ಇದ್ದ ಹಾಗೆ ಅಂದುಕೊಂಡು ಟೈಲರ್ ಅದಕ್ಕೆ ಶೆರ್ವುಡ್ ಫಾರೆಸ್ಟ್ ಅಂತ ಹೆಸರಿಟ್ಟ. ಆ ಮರದ ಮನೆಯನ್ನು ಉದ್ದಕ್ಕೆ ಕಟ್ಟುತ್ತಾ ಹೋಗಿ 300 ಅಡಿ ಮಾಡಿದರು. ಏಳು ಮಕ್ಕಳಾದವು. ಅಕ್ಕಪಕ್ಕದ ವಿಗ್ ಪಕ್ಷದವರು ಅವಮಾನ ಮಾಡಲೆಂದೇ ಅವನನ್ನು ಊರ ರಸ್ತೆಗಳ ಮೇಲ್ವಿಚಾರಕನಾಗಿ ಮಾಡಿದರು. ಅವನು ಆ ಕೆಲಸವನ್ನೂ ಶಿಸ್ತಿನಿಂದ ಮಾಡಿದ. ಸುಗ್ಗಿಯ ಹೊತ್ತಿನಲ್ಲೇ ನಿಮ್ಮ ಆಳುಗಳನ್ನು ರಸ್ತೆ ಕೆಲಸಕ್ಕೆ ಕಳಿಸಿ ಅಂತ ಹೇಳಿ ಕಳಿಸಿದ. ಆಳುಗಳು ಅಂದರೆ ಇಲ್ಲೂ ಗುಲಾಮರೇ. ಹೆಸರು ಕೆಡಿಸಲು ಹೊರಟವರು, ಹಟ ಸಾಧಿಸಿದವನು ಇಬ್ಬರೂ ಬಿಳಿಯರು. ಬಿಸಿಲಲ್ಲಿ ಕಲ್ಲು ಹೊತ್ತವರು ಬೇರೆ. 1853ರಲ್ಲಿ ಇಂಗ್ಲೆಂಡಿನ ಹೆಂಗಸರು ಗುಲಾಮಗಿರಿ ನಿಲ್ಲಿಸಿ ಅಂತ ಮನವಿ ಮಾಡಿದಾಗ ಜೂಲಿಯಾ ಗುಲಾಮಗಿರಿಯನ್ನೇ ಸಮರ್ಥಿಸಿ ಪತ್ರಿಕೆಯಲ್ಲಿ ಉತ್ತರ ಬರೆದಳು. ನ್ಯೂಯಾರ್ಕ್ ಕಡೆಯ ಹುಡುಗಿ ಅಷ್ಟರಲ್ಲಿ ಪೂರ್ತಿ ದಕ್ಷಿಣದವಳಾಗಿದ್ದಳು.

1861ರ ಫೆಬ್ರವರಿಯಲ್ಲಿ, ಗುಲಾಮಗಿರಿಯ ಜಗಳದಿಂದ ದೇಶ ಒಡೆಯುವುದನ್ನು ತಪ್ಪಿಸಲು, ವಾಷಿಂಗ್ಟನ್‌ನಲ್ಲಿ ಶಾಂತಿ ಸಮ್ಮೇಳನ ಸೇರಿತು. ಅದರ ಅಧ್ಯಕ್ಷ 70 ವರ್ಷದ ಟೈಲರ್. ಆದರೆ ಅಲ್ಲಿ ಆದ ತೀರ್ಮಾನವನ್ನು ಅವನೇ ಒಪ್ಪಲಿಲ್ಲ. ವರ್ಜೀನಿಯಾ ಬೇರೆಯಾಗಲಿ ಅಂತ ಮತ ಹಾಕಿದ. ಅವನ ಮೊಮ್ಮಗಳೊಬ್ಬಳು ಮಾರ್ಚ್ 4ರಂದು ಮಾಂಟ್‌ಗೊಮರಿಯಲ್ಲಿ ಕಾನ್ಫೆಡರಸಿಯ, ಅಂದರೆ ಬೇರೆಯಾದ ದಕ್ಷಿಣದ ರಾಜ್ಯಗಳ ಒಕ್ಕೂಟದ, ಮೊದಲ ಬಾವುಟ ಹಾರಿಸಿದಳು. ಟೈಲರ್ ಆ ಪ್ರತ್ಯೇಕ ಸರ್ಕಾರದ ಪ್ರತಿನಿಧಿ ಸಭೆಗೆ ಆರಿಸಿ ಬಂದ. ಕುರ್ಚಿಯಲ್ಲಿ ಕೂರುವ ಮೊದಲೇ, 1862ರ ಜನವರಿ 18ರಂದು, ರಿಚ್ಮಂಡ್‌ನ ಹೋಟೆಲಿನಲ್ಲಿ ತೀರಿಕೊಂಡ. ಶವಪೆಟ್ಟಿಗೆಗೆ ಹೊದಿಸಿದ್ದು ಕಾನ್ಫೆಡರಸಿಯ ಬಾವುಟ. ತಾನು ಆಳಿದ್ದ ದೇಶದ ವಿರುದ್ಧ ನಿಂತು ಸತ್ತ ಅಧ್ಯಕ್ಷ ಅವನೊಬ್ಬನೇ. ವಾಷಿಂಗ್ಟನ್‌ನಲ್ಲಿ ಸರ್ಕಾರ ಅವನ ಸಾವಿಗೆ ಶೋಕ ಆಚರಿಸಲಿಲ್ಲ. ನೀವು ಅವನ ಹೆಸರು ಕೇಳದಿರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಎಣಿಕೆ. ಹುದ್ದೆಯ ವಿಷಯದಲ್ಲಿ ಅವನು ಮಾಡಿದ್ದು ಸರಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಈ ಕೊನೆಯ ಹೆಜ್ಜೆಗೆ ಮಾತ್ರ ನನ್ನಲ್ಲಿ ಯಾವ ಸಮರ್ಥನೆಯೂ ಇಲ್ಲ.

ಉತ್ತರ, ದಕ್ಷಿಣದ ನಡುವಿನ ಅಂತರ್ಯುದ್ಧ ಮುಗಿದಾಗ ಜೂಲಿಯಾ ಸಾಲದಲ್ಲಿ ಮುಳುಗಿದ್ದಳು. 1882ರಲ್ಲಿ ಕಾಂಗ್ರೆಸ್ ಅಧ್ಯಕ್ಷರ ವಿಧವೆಯರಿಗೆ ವರ್ಷಕ್ಕೆ 5,000 ಡಾಲರ್ ಪಿಂಚಣಿ ಕೊಟ್ಟಿತು. ಅವಳಿಗೂ ಸಿಕ್ಕಿತು. 1889ರಲ್ಲಿ ತೀರಿಕೊಂಡಳು. ಅಪ್ಪ ಸತ್ತಾಗ ಎಂಟು ವರ್ಷದವನಾಗಿದ್ದ ಲಯನ್ ಮುಂದೆ ಇತಿಹಾಸಕಾರನಾದ, 1888ರಿಂದ 1919ರವರೆಗೆ ವಿಲಿಯಂ ಅಂಡ್ ಮೇರಿ ಕಾಲೇಜಿನ ಮುಖ್ಯಸ್ಥನಾಗಿದ್ದ. ಕೊನೆವರೆಗೂ ಅಪ್ಪನ ಪರವಾಗಿ, ಆ ಯುದ್ಧದಲ್ಲಿ ಉತ್ತರದ ಕಡೆಯ ಅಧ್ಯಕ್ಷನಾಗಿದ್ದ ಲಿಂಕನ್ ವಿರುದ್ಧವಾಗಿ ಬರೆದ.

ಇನ್ನು ನೀವು ಸುದ್ದಿಯಲ್ಲಿ ಓದಿದ ಮೊಮ್ಮಗ. ಹ್ಯಾರಿಸನ್ ಟೈಲರ್ ಅವರು ಕೆಮಿಕಲ್ ಎಂಜಿನಿಯರ್. ನೀರು ಶುದ್ಧೀಕರಣದ ಕಂಪನಿ ಕಟ್ಟಿ ದುಡಿದರು. ತಾತನ ಶೆರ್ವುಡ್ ಫಾರೆಸ್ಟ್ ಮನೆಯನ್ನು ದುರಸ್ತಿ ಮಾಡಿಸಿ ಕಾಪಾಡಿದರು. 1996ರಲ್ಲಿ ಅದೇ ಕೌಂಟಿಯಲ್ಲಿ, ಜೇಮ್ಸ್ ನದಿಯ ದಂಡೆಯಲ್ಲಿ, ಕಾಡು ಬೆಳೆದಿದ್ದ ಇನ್ನೊಂದು ಜಾಗವನ್ನೂ ಕೊಂಡರು. ಅದು ಪೊಕಹಾಂಟಸ್ ಕೋಟೆ. 1864ರಲ್ಲಿ ಅದನ್ನು ಮಣ್ಣು ಹೊತ್ತು ಕಟ್ಟಿದವರು ಲಿಂಕನ್ ಸೇನೆಯ ಕರಿಯ ಸೈನಿಕರು. ಅವರಲ್ಲಿ ಎಷ್ಟೋ ಜನ ವರ್ಜೀನಿಯಾದ ತೋಟಗಳಲ್ಲೇ ಗುಲಾಮರಾಗಿದ್ದವರು. ಆ ಮೇ 24ರಂದು ಕಾನ್ಫೆಡರಸಿಯ ಕುದುರೆ ದಳ ಬಂದು ಶರಣಾಗಿ ಅಂತ ಹೇಳಿ ಕಳಿಸಿತು. ಒಳಗಿದ್ದವರು ಆಗೋದಿಲ್ಲ ಅಂದರು. ಸಂಖ್ಯೆಯಲ್ಲಿ ಅವರ ಅರ್ಧದಷ್ಟೂ ಇರಲಿಲ್ಲ. ಆದರೂ ಸಂಜೆ ಹೊತ್ತಿಗೆ ಹಿಂದೆ ಸರಿದದ್ದು ಕುದುರೆ ದಳವೇ. ಆ ಮಣ್ಣಿನ ಗೋಡೆಗಳು ಇವತ್ತಿಗೂ ಅಲ್ಲಿವೆ.